ಎರಡು ಯಂತ್ರ, ಎರಡು ಉತ್ತರ

ಪ್ರಯೋಗಾಲಯದಲ್ಲಿ ಅವಳಿಗೆ ಗೊಣಗಮ್ಮ ಎಂದೇ ಹೆಸರು. ಪರದೆ ನೋಡುತ್ತಾ ಪ್ರೋಗ್ರಾಮಿಗೆ ಬೈಯುವುದು, ಮುದ್ದು ಮಾಡುವುದು, ಮತ್ತೆ ಬೈಯುವುದು ಅವಳ ಅಭ್ಯಾಸ. ಬಾವಿ ನೀರಿನಲ್ಲಿ ವಿಷದ ಅಂಶ ಎಷ್ಟಿದೆ ಎಂದು ಲೆಕ್ಕ ಹಾಕುವ ಆ ಪ್ರೋಗ್ರಾಮನ್ನು ಬರೆದವಳೂ ಅವಳೇ. ಅದನ್ನೇ ನಂಬಿ ಬರೆದ ಪಿಎಚ್‌ಡಿ ಪ್ರಬಂಧ ಬೈಂಡಿಂಗಿಗೆ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಹಳೆಯ ಲಿನಕ್ಸ್ ಕಂಪ್ಯೂಟರ್ ಕೆಮ್ಮತೊಡಗಿತು. ಹೊಸದು ತರಿಸಬೇಕು, ಯಾವುದು ಎಂದು ಇವತ್ತೇ ಹೇಳಬೇಕು.

ಅಂಗಡಿಯವನು ಪರೀಕ್ಷೆಗೆಂದು ಎರಡು ಇಟ್ಟು ಹೋಗಿದ್ದ. ಒಂದಕ್ಕೆ ಹಳೆಯ ಲಿನಕ್ಸ್ ಡಿಸ್ಕನ್ನೇ ಯಥಾವತ್ತಾಗಿ ನಕಲು ಮಾಡಿಸಿದ್ದಳು. ಇನ್ನೊಂದರಲ್ಲಿ ವಿಂಡೋಸ್. ಎರಡಕ್ಕೂ ಒಂದೇ ಮಾಹಿತಿ ಉಣ್ಣಿಸಿದಳು. ಲಿನಕ್ಸ್ ಹಳೆಯ ಉತ್ತರವನ್ನೇ ಒಪ್ಪಿಸಿತು. ವಿಂಡೋಸ್ ಬೇರೆಯೇ ರಾಗ ಎಳೆಯಿತು.

"ಇದಕ್ಕೇನು ದೊಡ್ಡ ರೋಗ!" ಎಂದು ಗೊಣಗಿ ಮತ್ತೆ ಓಡಿಸಿದಳು. ಅದೇ ರಾಗ. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಾಗ ತಪ್ಪು ಸಿಕ್ಕಿತು. ಪ್ರತಿ ಬಾವಿಗೂ ಒಂದು ಫೈಲ್. ಕಂಪ್ಯೂಟರ್ ಅವನ್ನು ಹೆಸರಿನ ಕ್ರಮದಲ್ಲೇ ಕೊಡುತ್ತದೆಂದು ನಂಬಿ, ಅದೇ ಕ್ರಮದಲ್ಲಿ ಬಾವಿಗಳ ಹೆಸರು ಅಂಟಿಸುತ್ತಾ ಬಂದಿದ್ದಳು. ವಿಂಡೋಸ್ ಹಾಗೆಯೇ ಕೊಟ್ಟಿತ್ತು. ಲಿನಕ್ಸ್ ತನ್ನ ಕೈಗೆ ಸಿಕ್ಕ ಕ್ರಮದಲ್ಲಿ ಕೊಟ್ಟಿತ್ತು. ಅದರ ತಪ್ಪೇನಿಲ್ಲ, ಪಾಪ. ಕ್ರಮವಾಗಿ ಜೋಡಿಸಿಕೊಡು ಎಂದು ಅದಕ್ಕೆ ಹೇಳಿದವರು ಯಾರು? ಒಂದು ಸಾಲು ಬರೆಯದೆ ಬಿಟ್ಟಿದ್ದಕ್ಕೆ ಒಂದು ಬಾವಿಯ ನೀರು ಇನ್ನೊಂದರ ಹೆಸರಿಗೆ ಬಿದ್ದಿತ್ತು.

ಗೈಡ್ ಬಂದರು. ನಿವೃತ್ತಿಯ ಹೊಸ್ತಿಲಲ್ಲಿದ್ದ, ರಗಳೆಯೆಂದರೆ ಆಗದ ಮನುಷ್ಯ. ವಿಷಯ ಕೇಳಿದವರೇ ಬಾಗಿಲು ಮುಚ್ಚಿದರು.

"ಲಿನಕ್ಸೇ ತಗೊಳ್ಳಮ್ಮ. ಉತ್ತರ ಹೊಂದುತ್ತಲ್ಲ."

"ಹೊಂದುತ್ತೆ ಸಾರ್. ಆದ್ರೆ ತಪ್ಪು."

"ನಮ್ಮಿಬ್ಬರನ್ನ ಬಿಟ್ರೆ ಯಾರಿಗೆ ಗೊತ್ತು? ಪದವಿ ಮೊದಲು ಕೈಗೆ ಬರಲಿ. ಆಮೇಲೆ ಮೆಲ್ಲಗೆ ತಿದ್ದಿದರಾಯ್ತು."

ಮಾತು ಕಿವಿಗೆ ಹಿತವಾಗಿತ್ತು. ಅದೇ ಅವಳಿಗೆ ಭಯ ಹುಟ್ಟಿಸಿತು. ಅಮ್ಮ ಆಗಲೇ ಕಂಡಕಂಡವರಿಗೆಲ್ಲ "ನನ್ನ ಮಗಳು ಡಾಕ್ಟರು, ಸೂಜಿ ಚುಚ್ಚೋ ಡಾಕ್ಟರಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಆ ಅಮ್ಮನಿಗೆ ಮುಖ ತೋರಿಸುವುದು ಹೇಗೆ? ಗೊಣಗಮ್ಮ ವಿಂಡೋಸ್ ಕೊಟ್ಟ ಅಂಕಿಗಳ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಸಾರ್, ಇದು ಶಾಲೆಯ ಬಾವಿ. ವಿಷ ಮಿತಿ ಮೀರಿದೆ. ಕುಡಿಯಬಹುದು ಅಂತ ನಾವೇ ಬರೆದುಕೊಟ್ಟಿದ್ವಿ."

ಗೈಡ್ ಕನ್ನಡಕ ತೆಗೆದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಇವಳು, ಕುಡಿದದ್ದು ಮಕ್ಕಳು.

"ಪ್ರಬಂಧ ವಾಪಸ್ ತಗೋತೀನಿ ಸಾರ್. ಕಂಪ್ಯೂಟರ್ ನಿಮಗೆ ಯಾವುದು ಬೇಕೋ ಅದೇ ತರಿಸಿ," ಎಂದು ಫೋನ್ ಎತ್ತಿಕೊಂಡಳು. ಶಾಲೆಯ ದೊಡ್ಡ ಮೇಡಂ ಸಿಕ್ಕರು. ಹಿಂದೆ ಮಕ್ಕಳ ಗಲಾಟೆ.

"ಮೇಡಂ, ಬಾವಿ ನೀರು ಮಕ್ಕಳಿಗೆ ಕೊಡಬೇಡಿ. ಈಗಲೇ ನಿಲ್ಲಿಸಿ."

"ಅಯ್ಯೋ, ನೀವು ಹೇಳಿದ ಮೇಲೆ ಅಲ್ವೇನಮ್ಮಾ ನಾವು ಕೊಡೋಕೆ ಶುರು ಮಾಡಿದ್ದು?"