ಕಡಲಿಲ್ಲದ ಹೊಯ್ಗೆ

ನಾನು ಈ ಜನ್ಮದಲ್ಲಿ ಕಂಡಿರುವ ಮರುಭೂಮಿ ಒಂದೇ ಒಂದು, ಅದೂ ನೆದರ್‌ಲ್ಯಾಂಡ್ಸಿನಲ್ಲಿ. ಹೀಗೆಂದಾಗ ಕೇಳಿದವರು ನನಗೆ ಭೂಗೋಳ ಕಲಿಸಿದ ಮೇಷ್ಟರ ಬಗ್ಗೆ ಕನಿಕರ ಪಡುತ್ತಾರೆ. ನೆದರ್‌ಲ್ಯಾಂಡ್ಸ್ ಎಂದರೆ ಕಾಲುವೆ, ಒದ್ದೆ ಹುಲ್ಲು, ಒದ್ದೆ ಹಸು, ಒದ್ದೆ ಸೈಕಲ್ ಸೀಟು. ಅಲ್ಲಿಗೆ ಮರಳುಗಾಡು ಎಲ್ಲಿಂದ ಬರಬೇಕು? ಆದರೆ ಇದೆ. ಟಿಲ್‌ಬರ್ಗಿನಿಂದ ಸ್ವಲ್ಪ ಉತ್ತರಕ್ಕೆ ಹೋದರೆ ಪೈನ್ ಮರಗಳ ಕಾಡು ಒಮ್ಮೆಗೇ ಮುಗಿದು, ಕಣ್ಣು ಹಾಯುವಷ್ಟು ದೂರ ಮರಳಿನ ದಿಬ್ಬಗಳು ಕಾಣುತ್ತವೆ. ಇಲ್ಲಿಯವರು ಅದನ್ನು ತಮ್ಮ ಸಹಾರಾ ಎಂದು ಹೆಮ್ಮೆಯಿಂದ ಕರೆಯುತ್ತಾರೆ.

ಆ ವರ್ಷ, ಎಂದರೆ ಕೊರೊನಾ ಬಂದ ಮೊದಲ ವರ್ಷ, ನಾನು ಇಲ್ಲಿಂದ ರಜೆಗೆ ಹೋಗಬೇಕಿದ್ದದ್ದು ಮೈಸೂರಿನ ಗೆಳೆಯರ ಜೊತೆ ಜೈಸಲ್ಮೇರಿಗೆ. ಒಂಟೆ ಸವಾರಿಗೆಂದು ತಲೆಗೆ ಸುತ್ತುವ ಬಟ್ಟೆಯನ್ನೂ ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕವನ್ನೂ ಮೊದಲೇ ಕೊಂಡಿಟ್ಟಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಮನೆತನದ ಗುಣ. ವಿಮಾನಗಳೆಲ್ಲ ನಿಂತುಹೋದವು. ಕುಲಾವಿ ಮಾತ್ರ ಬೀರುವಿನಲ್ಲಿ ಕೂತು ನನ್ನನ್ನು ಅಣಕಿಸುತ್ತಿತ್ತು. ಆದ್ದರಿಂದ ಸೆಪ್ಟೆಂಬರಿನ ಒಂದು ದಿನ ಗೆಳೆಯ ಗಣೇಶ ಫೋನ್ ಮಾಡಿ, "ನಾಳೆ ರಜಾ ಹಾಕು ಗುರೂ, ಅತ್ತೆಯವರಿಗೆ ಮರುಭೂಮಿ ತೋರಿಸ್ಕೊಂಡು ಬರೋಣ" ಎಂದಾಗ ನಾನು ಎರಡನೆಯ ಮಾತಾಡಲಿಲ್ಲ.

ಈ ಅತ್ತೆಯವರ ಕಥೆ ಹೇಳಬೇಕು. ಸರೋಜಮ್ಮ ಮಲ್ಪೆಯ ಕಡಲ ಬದಿಯವರು. ಮಗಳು ವಿದ್ಯಾ, ಎಂದರೆ ಗಣೇಶನ ಹೆಂಡತಿ, ಅವಳ ಬಾಣಂತನಕ್ಕೆಂದು ಫೆಬ್ರವರಿಯಲ್ಲಿ ನಾವಿರುವ ವೆಲ್ಡ್‌ಹೋವನ್ ಊರಿಗೆ ಬಂದರು. ಮಾರ್ಚಿನಲ್ಲಿ ಮೊಮ್ಮಗಳು ಹುಟ್ಟಿದಳು, ಅದೇ ವಾರ ಲೋಕದ ಬಾಗಿಲು ಮುಚ್ಚಿತು. ಎರಡನೆಯ ಮಹಡಿಯ ಆ ಫ್ಲಾಟಿನಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೂ ಬಂದಿ. ಈಗ ಅಂತೂ ಒಂದು ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿ, ಮುಂದಿನ ವಾರ ಅವರು ಊರಿಗೆ ಹೊರಡುವವರಿದ್ದರು. ಮತ್ತೆ ಯಾವಾಗ ಬರುವುದೆಂದು ಯಾರೂ ಹೇಳುವಂತಿರಲಿಲ್ಲ. ಹೋಗುವ ಮುಂಚೆ ಅವರಿಗಿದ್ದದ್ದು ಒಂದೇ ಆಸೆ: ಮಗುವನ್ನು ನೆಲದ ಮೇಲೆ ಕೂರಿಸಿ ನೋಡಬೇಕು. ಅವರ ಮನೆಯ ಮಕ್ಕಳೆಲ್ಲ ಮೊದಲು ಕೂತದ್ದು ಕಡಲ ಬದಿಯ ಮರಳಿನ ಮೇಲಂತೆ. ಆರು ತಿಂಗಳಾದರೂ ಈ ಮಗುವಿನ ಮೈಗೆ ಹೊರಗಿನ ಮಣ್ಣಿನ ಒಂದು ಕಣ ತಾಗಿರಲಿಲ್ಲ.

ತಾಗದಂತೆ ನೋಡಿಕೊಂಡವಳು ವಿದ್ಯಾ. ಅವಳನ್ನು ದೂರುವಂತಿಲ್ಲ. ಅವಳೂ ನಾವೂ ಕೆಲಸ ಮಾಡುವುದು ಚಿಪ್ ತಯಾರಿಸುವ ಯಂತ್ರಗಳ ಕಂಪನಿಯಲ್ಲಿ. ಗಣೇಶನೂ ನಾನೂ ಕಂಪ್ಯೂಟರಿನ ಮುಂದೆ ಕೂರುವವರು. ವಿದ್ಯಾ ಮಾತ್ರ ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿ ತೊಟ್ಟು ಕ್ಲೀನ್‌ರೂಮಿನೊಳಗೆ ಹೋಗುವವಳು. ಅಲ್ಲಿ ಕಣ್ಣಿಗೆ ಕಾಣದ ಧೂಳೂ ಶತ್ರು. ಕೊರೊನಾ ಬಂದ ಮೇಲೆ ಅವಳು ಮನೆಯನ್ನೂ ಕ್ಲೀನ್‌ರೂಮ್ ಮಾಡಿದಳು. ಟೊಮೇಟೊಗೂ ಸೋಪಿನ ಸ್ನಾನ, ಕೊತ್ತಂಬರಿಗೂ ಕ್ವಾರಂಟೈನ್. ತಮಾಷೆಯೆಂದರೆ ಈ ಚಿಪ್‌ಗಳ ಸಿಲಿಕಾನ್ ಹುಟ್ಟುವುದು ಮರಳಿನಿಂದಲೇ. ಮರಳಿನಿಂದ ಬಂದ ವಸ್ತುವಿನ ಮೇಲೆ ಒಂದು ಕಾಳು ಮರಳು ಬೀಳದ ಹಾಗೆ ಕಾಯುವುದಕ್ಕೆ ನಮಗೆಲ್ಲ ಸಂಬಳ.

ಎರಡು ಕಾರುಗಳಲ್ಲಿ ಹೊರಟೆವು. ನಾನು ಬೇರೆ ಮನೆಯವನು, ಆದ್ದರಿಂದ ಕೊರೊನಾ ನಿಯಮದ ಪ್ರಕಾರ ಒಂದೂವರೆ ಮೀಟರಿನ ದೂರದವನು. ದಾರಿಯಲ್ಲೊಂದು ಹಳೆಯ ಊರಿನಲ್ಲಿ ಇಳಿದು ಅಡ್ಡಾಡಿದೆವು. ಇಟ್ಟಿಗೆ ಬೀದಿ, ಬೀಗ ಹಾಕಿದ ಚರ್ಚು, ಅಲ್ಲಾಡದೆ ನಿಂತ ಗಾಳಿಯಂತ್ರ. "ಇದು ಸಹ ವರ್ಕ್ ಫ್ರಮ್ ಹೋಮಾ?" ಎಂದು ಸರೋಜಮ್ಮ ಕೇಳಿದರು. ಅವರೂ ಮಗಳೂ ತುಳುವಿನಲ್ಲಿ ವಾದಿಸುತ್ತಿದ್ದರು. ನನಗೆ ತಿಳಿಯಲೆಂದು ಅಜ್ಜಿ ಮಧ್ಯೆ ಮಧ್ಯೆ ಕನ್ನಡದಲ್ಲಿ ಸಾರಾಂಶ ಒದಗಿಸುತ್ತಿದ್ದರು. "ನೋಡಿ ಮಾರಾಯ್ರೆ, ಹೊಯ್ಗೆ ತಾಗಿದ್ರೆ ಮಗುವಿಗೆ ಎಂತ ಆಗ್ತದೆ? ಇವಳು ನಾಲ್ಕು ವರ್ಷ ಹೊಯ್ಗೆಯಲ್ಲೇ ಹೊರಳಿದವಳು. ಎಂತ ಆಗಿದೆ ಇವಳಿಗೆ?" ಅವರ ಬಾಯಲ್ಲಿ ಮರಳೆಂದರೆ ಹೊಯ್ಗೆ. ವಿದ್ಯಾ ಹಿಂದಕ್ಕೆ ತಿರುಗಿ, "ಆಗ ಕೊರೊನಾ ಇರ್ಲಿಲ್ಲ ಅಮ್ಮ" ಎಂದಳು. ನಾನು ಯಾರ ಪಕ್ಷವನ್ನೂ ವಹಿಸದೆ ಇಟ್ಟಿಗೆಗಳನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮರುಭೂಮಿಗೆ ನಾನು ಪೂರ್ಣ ವೇಷದಲ್ಲಿ ಇಳಿದೆ. ತಲೆಗೆ ಬಟ್ಟೆ, ಕಣ್ಣಿಗೆ ಕನ್ನಡಕ, ಬೆನ್ನಿಗೆ ನೀರಿನ ಬಾಟಲಿಗಳ ಹೊರೆ. ಜಿಟಿಜಿಟಿ ಮಳೆ ಶುರುವಾಯಿತು. ಕೊಡೆ ಹಿಡಿದು ನಾಯಿ ಅಡ್ಡಾಡಿಸುತ್ತಿದ್ದ ಡಚ್ ಅಜ್ಜ ಒಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಗೌರವದಿಂದ ದಾರಿ ಬಿಟ್ಟರು. ಮಳೆ ನಿಂತ ಮೇಲೆ ಮರಳು ಹದವಾಗಿ ಒದ್ದೆಯಾಗಿತ್ತು.

"ಇಷ್ಟು ಹೊಯ್ಗೆ ಉಂಟಲ್ಲ, ಹಾಗಾದ್ರೆ ಕಡಲು ಇಲ್ಲೇ ಆಚೆ ಬದಿ ಇರ್ಬೇಕು" ಎಂದರು ಸರೋಜಮ್ಮ.

"ಇಲ್ಲ ಅಮ್ಮ, ಇಲ್ಲಿ ಕಡಲಿಲ್ಲ. ಅದು ತುಂಬಾ ದೂರ" ಎಂದೆ ನಾನು.

"ಕಡಲಿಲ್ಲದೆ ಹೊಯ್ಗೆ ಹೇಗೆ ಬರ್ತದೆ? ಲಾರಿಯಲ್ಲಿ ತಂದು ಹಾಕಿದ್ರಾ?"

ಪ್ರಶ್ನೆ ಸರಿಯಾದದ್ದೇ. ನಾನು ದಾರಿಬದಿಯ ಫಲಕದಲ್ಲಿ ಓದಿದ್ದನ್ನು ಪಂಡಿತನ ಧಾಟಿಯಲ್ಲಿ ವಿವರಿಸಿದೆ. ಮರಳು ನೆಲದಡಿ ಮೊದಲಿನಿಂದಲೂ ಇತ್ತು. ಹಿಂದಿನ ಕಾಲದ ಜನ ಮರ ಕಡಿದು, ಕುರಿ ಮೇಯಿಸಿ, ಮೇಲ್ಮಣ್ಣು ಕಿತ್ತು ಹೊಲಕ್ಕೆ ಹಾಕಿದರು. ಹೊದಿಕೆ ಹೋದ ಮರಳು ಎದ್ದು ಗಾಳಿಗೆ ಹಾರಿ ಹೊಲಗಳ ಮೇಲೆ ಕೂತಿತು. ಆಗ ಹೆದರಿ ಮತ್ತೆ ಮರ ನೆಟ್ಟರು. ಈಗ ಮರುಭೂಮಿಯೇ ಮಾಯವಾದೀತೆಂದು ಸಸಿಗಳನ್ನು ಕೀಳುತ್ತಿದ್ದಾರೆ. ಕಡಲನ್ನೇ ಹಿಂದಕ್ಕೆ ತಳ್ಳಿ ಊರು ಕಟ್ಟಿದ ಜನ ಒಂದು ಹಿಡಿ ಮರಳನ್ನು ಜೋಪಾನ ಮಾಡುತ್ತಿರುವುದು ನನಗೆ ಸೋಜಿಗವೆನಿಸಿತು. ಉಪನ್ಯಾಸ ಮುಗಿಸಿ ತಿರುಗಿದರೆ ಸರೋಜಮ್ಮ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ದಿಬ್ಬ ದಾಟಿ, ಎರಡನೆಯದನ್ನು ಏರುತ್ತಿದ್ದರು. ಕಡಲಿನ ಬಗ್ಗೆ ಅವರು ನನ್ನಂಥವನ ಮಾತು ನಂಬುವವರಲ್ಲ.

ಗಣೇಶ ಬುತ್ತಿ ತರಲು ಕಾರಿನ ಹತ್ತಿರ ಹೋಗಿದ್ದ. ಮಗು ವಿದ್ಯಾಳ ಕಂಕುಳಲ್ಲಿತ್ತು. ಅಷ್ಟರಲ್ಲಿ "ಅಯ್ಯಯ್ಯೋ!" ಎಂಬ ಕೂಗು. ನೋಡಿದರೆ ಸರೋಜಮ್ಮ ದಿಬ್ಬದ ತುದಿಯಿಂದ ಜಾರಿ, ಸೀರೆ ಸಮೇತ ಕೆಳಗೆ ಬಂದು ಕೂತಿದ್ದರು.

"ಅಮ್ಮಾ!" ಎಂದು ವಿದ್ಯಾ ಓಡಲು ಹೊರಟವಳು ಮಗುವಿನ ನೆನಪಾಗಿ ನಿಂತಳು. ಆಚೆ ಬಿದ್ದ ತಾಯಿ, ಈಚೆ ಕಂಕುಳಲ್ಲಿ ಮಗಳು. ನಾನು ಎರಡೂ ಕೈ ಚಾಚಿದೆ. ಅವಳು ನನ್ನ ಕೈ ನೋಡಿದಳು, ಮರಳನ್ನು ನೋಡಿದಳು. ಎರಡರಲ್ಲಿ ಮರಳೇ ಶುಚಿ ಎಂದು ತೀರ್ಮಾನಿಸಿ, ಮಗುವನ್ನು ನೆಲದ ಮೇಲೆ ಕೂರಿಸಿ ಓಡಿದಳು. ನನ್ನ ವೃತ್ತಿಜೀವನದಲ್ಲಿ ಇಷ್ಟು ಖಚಿತವಾದ ಮೌಲ್ಯಮಾಪನ ಯಾರೂ ಮಾಡಿಲ್ಲ.

ನಾನು ಒಂದೂವರೆ ಮೀಟರ್ ದೂರದಲ್ಲಿ ಕುಕ್ಕರಗಾಲಿನಲ್ಲಿ ಕಾವಲು ಕೂತೆ. ಮಗು ಸ್ವಲ್ಪ ಓಲಾಡಿ, ಎರಡು ಅಂಗೈಗಳನ್ನೂ ಊರಿ ನೆಟ್ಟಗೆ ಕೂತಿತು. ಬೆರಳುಗಳ ನಡುವಿಂದ ನುಸುಳಿ ಬಂದ ಮರಳನ್ನು ನೋಡಿತು. ಅದರ ಮುಖದಲ್ಲಿದ್ದ ಕುತೂಹಲ ಕಂಡು, ಅಷ್ಟು ಹೊತ್ತು ನಾನು ಆಡಿದ ಪಾಂಡಿತ್ಯವೆಲ್ಲ ದಂಡ ಅನ್ನಿಸಿತು. ಮರುಕ್ಷಣ ಒಂದು ಮುಷ್ಟಿ ಬಾಯಿಗೆ ಹೋಯಿತು.

ಸರೋಜಮ್ಮನಿಗೆ ಏನೂ ಆಗಿರಲಿಲ್ಲ. ಮಗಳ ಹೆಗಲ ಮೇಲಿಂದ ಇಣುಕಿ, ನಮಗೆಲ್ಲ ಕೇಳುವಂತೆ, "ಕೂತಿತು ನೋಡಿ! ಪಾಪು ಕೂತಿತು!" ಎಂದು ಕೂಗಿದರು. ವಿದ್ಯಾ ಓಡಿಬಂದು ಬೆರಳು ಹಾಕಿ ಬಾಯಿಂದ ಮರಳು ತೆಗೆದಳು. ಚೀಲದೊಳಗಿನ ಸ್ಯಾನಿಟೈಸರಿಗೆ ಕೈ ಹಾಕಿದವಳು ಹಿಂದೆಯೇ ಬಂದ ಅಮ್ಮನ ಮುಖ ನೋಡಿ ಕೈ ಹಿಂದೆ ತೆಗೆದಳು. ಆಮೇಲೆ ತಾನೂ ಮಗುವಿನ ಪಕ್ಕ ಮರಳಿನಲ್ಲೇ ಕೂತು ಅತ್ತುಬಿಟ್ಟಳು. ಆರು ತಿಂಗಳಿನಿಂದ ತಡೆದಿಟ್ಟ ಅಳು ಅದು. ಇನ್ನೊಂದು ಪಕ್ಕ ಅಜ್ಜಿ ಕೂತರು. ಬುತ್ತಿ ಹಿಡಿದು ಬಂದ ಗಣೇಶ, "ಏನೋ ಇದು, ಪಾಪು ಕೆಳಗಿದೆ!" ಎಂದು ನನ್ನನ್ನೇ ಗದರಿದ. ಪುಳಿಯೋಗರೆಯನ್ನು ನನಗೆ ದೂರದಿಂದಲೇ ಬಡಿಸಲಾಯಿತು. ಅದರಲ್ಲೂ ಸ್ವಲ್ಪ ಮರಳಿತ್ತು, ಯಾರೂ ದೂರಲಿಲ್ಲ.

ಕಾರಿನ ಕಡೆ ನಡೆಯುವಾಗ ನಾನೂ ಸರೋಜಮ್ಮನೂ ಹಿಂದೆ ಉಳಿದೆವು. ನನ್ನೊಳಗೊಂದು ಅನುಮಾನ ಕಾಡುತ್ತಿತ್ತು. ಹುಟ್ಟಿದಾಗಿನಿಂದ ಮರಳಿನಲ್ಲೇ ನಡೆದ ಕಾಲು, ಅಷ್ಟು ಸರಿಯಾದ ಗಳಿಗೆಯಲ್ಲಿ, ಅಷ್ಟು ನಾಜೂಕಾಗಿ ಜಾರುವುದುಂಟೆ? ತಡೆಯಲಾರದೆ ಮೆಲ್ಲಗೆ ಕೇಳಿದೆ: "ಅಮ್ಮ, ನಿಜಕ್ಕೂ ಜಾರಿದ್ರಾ?"

ಅವರು ಮುಂದೆ ಹೋಗುತ್ತಿದ್ದ ಮಗಳನ್ನೂ ಅವಳ ಹೆಗಲ ಮೇಲೆ ನಿದ್ದೆಹೋಗಿದ್ದ ಮೊಮ್ಮಗಳನ್ನೂ ನೋಡಿದರು.

"ಕಡಲು ಹುಡುಕಿದ್ದು ನಿಜ ಮಾರಾಯ್ರೆ" ಎಂದರು. "ಮತ್ತೆ, ಪ್ರಾಯ ಆದ್ರೆ ಅದೊಂದು ಉಪಕಾರ ಉಂಟು. ಬಿದ್ರೆ ಯಾರೂ ಸಂಶಯ ಪಡುವುದಿಲ್ಲ."