ಜೋಳದ ಹಿಟ್ಟಿನ ಮೂಗು

ಇವತ್ತು ರಾಣೇಬೆನ್ನೂರಿನ ನಮ್ಮ ಮನೆಗೆ ಮಗಳು ತರಿಸಿದ ರಾಕೆಟ್ ಗ್ಲೈಡರಿನ ಕಿಟ್ ಬಂತು. ಡಬ್ಬಿ ತೆರೆದೊಡನೆ ಹಗುರ ಕಟ್ಟಿಗೆಯ ವಾಸನೆ. ಆ ವಾಸನೆಗೆ ನಾನು ಮತ್ತೆ ಹುಡುಗತನದ ಬ್ಯಾಡಗಿಯ ಹಳೆಯ ಅಡುಗೆಮನೆಯಲ್ಲಿದ್ದೆ.

ಅಂಥದೇ ಕಿಟ್ಟೊಂದನ್ನು ಆಗ ನಮ್ಮ ಕಾಕಾ ಮುಂಬೈಯಿಂದ ತಂದಿದ್ದ. ರಾಕೆಟ್ ಗ್ಲೈಡರನ್ನು ಮೇಲಕ್ಕೆ ಒಯ್ಯಬೇಕು, ಆಮೇಲೆ ರೆಕ್ಕೆಯ ಭಾಗ ಕಳಚಿಕೊಂಡು ತೇಲುತ್ತಾ ಇಳಿಯಬೇಕು. ಒಮ್ಮೆ ಉರಿದರೆ ಮುಗಿಯುವ ಮೋಟಾರು ಇದ್ದದ್ದು ಒಂದೇ. ಅದಕ್ಕೇ ಮೊದಲು ರೆಕ್ಕೆಯನ್ನಷ್ಟೇ ಕೈಯಿಂದ ತೂರಿ ನೋಡಿದೆವು. ಪ್ರತಿಸಲವೂ ಮೂತಿ ಮೇಲೆತ್ತಿ ಅಂಗಾತ ಬೀಳುತ್ತಿತ್ತು. ಕಾಕಾ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಇಂಗ್ಲಿಷ್ ಚೀಟಿಯನ್ನು ಓದಿದ್ದೇ ಓದಿದ್ದು.

ರೊಟ್ಟಿ ಬಡಿಯುತ್ತಿದ್ದ ಅವ್ವ ಎದ್ದು ಬಂದು, ರೆಕ್ಕೆಯನ್ನು ಎರಡು ಬೆರಳ ಮೇಲಿಟ್ಟು ತೂಗಿದಳು. “ಮುಂದ ಹಗುರ ಐತಿ,” ಎಂದು ಮೂತಿಗೆ ಗೋಲಿಯಷ್ಟು ಜೋಳದ ಹಿಟ್ಟು ಮೆತ್ತಿಯೇ ಬಿಟ್ಟಳು.

“ವೈನಿ, ಇದು ರೊಟ್ಟಿ ಅಲ್ರಿ, ಲೆಕ್ಕ ಐತಿ ಇದಕ್ಕ!” ಕಾಕಾ ರೇಗಿದ.

“ದಿನಾ ಮೊರ ಹಿಡಿದು ಕಾಳು ಕೇರಾಕಿ ನಾನು. ತೂಕ ಕೈಗೆ ತಿಳೀತೈತಿ. ಹಾರಿಸಿ ನೋಡಪಾ.”

ಕೈಯಿಂದ ತೂರಿದರೆ ಈ ಸಲ ನೆಟ್ಟಗೆ ತೇಲಿತು. ಆಮೇಲೆ ಮೆಣಸಿನಕಾಯಿ ಒಣಗುತ್ತಿದ್ದ ಕಣದಾಚೆಯ ಬಯಲಿನಿಂದ ರಾಕೆಟ್ ಸುಂಯ್ ಎಂದು ಏರಿತು. ರೆಕ್ಕೆ ಕಳಚಿಕೊಂಡು, ಮೂರು ಸುತ್ತು ತೇಲಿ, ಕೆಂಪು ಮೆಣಸಿನಕಾಯಿಯ ಮೇಲೆ ಮೆಲ್ಲಗೆ ಕೂತಿತು. ನಾವು ಸೀನುತ್ತಾ ಓಡಿದೆವು. ಅಷ್ಟರಲ್ಲಿ ಕಾಗೆಯೊಂದು ಹಿಟ್ಟಿನ ಮೂಗನ್ನು ಕಿತ್ತುಕೊಂಡು ಹಾರಿತ್ತು. ಕಾಕಾ ಅವ್ವನಿಗೆ ಕೈಮುಗಿದ.

ಈಗಿನ ಕಿಟ್ಟಿನಲ್ಲಿ ಮೂತಿಯ ಭಾರಕ್ಕೆಂದೇ ಮಣ್ಣಿನುಂಡೆ ಇದೆ. ಮಗಳು ಅದನ್ನು ಬಿಚ್ಚುವ ಮೊದಲೇ ಈ ಮನೆಯ ಅಡುಗೆಮನೆಯಿಂದ, ಈಗ ಮುದುಕಿಯಾದ ಅವ್ವನ ದನಿ:

“ಎರಡು ಉಂಡಿ ಹಿಟ್ಟು ತೆಗೆದಿಟ್ಟೇನಿ ನೋಡವಾ. ಒಂದು ನಿನ್ನ ವಿಮಾನಕ್ಕ, ಇನ್ನೊಂದು ಕಾಗಿಗೆ.”