ಧರ್ಮಪುರದ ಸುಮಾ, ಕುರಿಮಂದೆ ಮತ್ತು ಜಿಪಿಎಸ್

ಧರ್ಮಪುರ ಹೋಬಳಿಯ ಕೊಳವೆಬಾವಿಗಳನ್ನೆಲ್ಲ ನಕ್ಷೆಗೆ ಏರಿಸುವ ಯೋಜನೆಗೆ ಪಿಯುಸಿ ಓದಿದವರು ಬೇಕೆಂದಾಗ ಸುಮಾ ಹೆಸರು ಕೊಟ್ಟಳು. ಅದು ೨೦೦೬. ಗಂಡ ತಿಮ್ಮೇಶ್ ಟೆಂಪೊ ಓಡಿಸುತ್ತಿದ್ದ, ಮಾವ ಸಣ್ಣಪ್ಪ ಕುರಿ ಕಾಯುತ್ತಿದ್ದ. ಸೊಸೆ ಒಬ್ಬಳೇ ಹೊಲ ಹೊಲ ತಿರುಗುವುದು ಅತ್ತೆ ಓಬಕ್ಕನಿಗೆ ಸರಿ ಕಾಣಲಿಲ್ಲ. ಆದರೆ ಬೇಡ ಎನ್ನಲಿಲ್ಲ. ತಾನೇ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟಳು.

ಯೋಜನೆಯ ಎಂಜಿನಿಯರ್ ಪ್ರದೀಪ್ ಅಂಗೈಯಗಲದ ಒಂದು ಜಿಪಿಎಸ್ ಯಂತ್ರ ಕೊಟ್ಟಿದ್ದರು. ಪ್ರತಿ ಬಾವಿಯ ಪಕ್ಕ ನಿಂತು ಗುಂಡಿ ಒತ್ತಿದರೆ ಆ ಜಾಗದ ಗುರುತು ಅದರೊಳಗೆ ಕೂರುತ್ತಿತ್ತು. ಮೊದಲ ದಿನ ದೊಡ್ಡ ಹುಣಸೆಮರದ ಕೆಳಗೆ ಎಷ್ಟು ಹೊತ್ತು ನಿಂತರೂ ಯಂತ್ರ ಏನನ್ನೂ ತೋರಿಸಲಿಲ್ಲ. ಉಪಗ್ರಹಗಳ ಸಂಕೇತ ಸಿಗಲು ತಲೆಯ ಮೇಲೆ ಆಕಾಶ ಬಯಲಾಗಿರಬೇಕು ಎಂದು ಪ್ರದೀಪ್ ಹೇಳಿದ್ದು ನೆನಪಾಗಿ, ಸುಮಾ ಶೇಂಗಾ ಹೊಲದ ನಡುವೆ ಹೋಗಿ ನಿಂತಳು. ಆಗ ಅಂಕಿಗಳು ಮೂಡಿದವು.

ಅವಳು ಯಂತ್ರ ಎತ್ತಿದಾಗಲೆಲ್ಲ ಓಬಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಯಾಕೆಂದು ಸುಮಾ ಕೇಳಿದಳು.

"ಮೇಲಿಂದ ನೋಡ್ತಾವಲ್ಲವ್ವ, ಅದಕ್ಕೆ."

"ಅವು ನಮ್ಮನ್ನ ನೋಡಲ್ಲ ಅತ್ತೆ. ಚಿತ್ರದುರ್ಗದ ರೇಡಿಯೋ ಇದ್ದಂಗೆ. ಅವು ಮಾತಾಡ್ತಾವೆ, ನಾವು ಕೇಳಿಸ್ಕಂತೀವಿ. ಯಾರು ಕೇಳ್ತಾ ಅವ್ರೆ ಅಂತ ಅವಕ್ಕೆ ಗೊತ್ತೇ ಆಗಲ್ಲ."

ಬದುವಿನ ಮೇಲೆ ಕೂತು ಸುಮಾ ತನಗೆ ತಿಳಿದಷ್ಟನ್ನು ಬಿಡಿಸಿ ಹೇಳಿದಳು. ಕಲ್ಲುಕ್ವಾರಿಯಲ್ಲಿ ಸಿಡಿಮದ್ದು ಹಾರಿಸಿದಾಗ ಮೊದಲು ಧೂಳು ಏಳುವುದು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಎಷ್ಟು ತಡವಾಯಿತು ಎನ್ನುವುದರ ಮೇಲೆ ಕ್ವಾರಿ ಎಷ್ಟು ದೂರ ಎಂದು ಹೇಳಬಹುದು. ಉಪಗ್ರಹಗಳೂ ಹಾಗೆಯೇ, ಈಗ ಇಷ್ಟು ಗಂಟೆ ಎಂದು ಮೇಲಿಂದ ಸಾರುತ್ತಲೇ ಇರುತ್ತವೆ. ಆ ಸುದ್ದಿ ಕೆಳಗೆ ಮುಟ್ಟಲು ಹಿಡಿದ ಹೊತ್ತಿನಿಂದ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ಒಂದರ ದೂರ ಗೊತ್ತಾದರೆ ಸಾಲದು. ನಾಲ್ಕಾರು ಉಪಗ್ರಹಗಳಿಂದ ಇಷ್ಟಿಷ್ಟು ದೂರ ಎಂದಾಗ, ಅಷ್ಟಕ್ಕೂ ಹೊಂದುವ ಜಾಗ ಒಂದೇ ಇರುತ್ತದೆ. ನಾವು ನಿಂತಿರುವುದು ಅಲ್ಲೇ.

ಓಬಕ್ಕ ಎಲ್ಲ ಕೇಳಿ, ಸೆರಗು ಇಳಿಸಿ, ರೊಟ್ಟಿ ಗಂಟು ಬಿಚ್ಚಿದಳು.

ಬೇಸಿಗೆಯಲ್ಲಿ ಸಣ್ಣಪ್ಪ ಕುರಿ ಹೊಡೆದುಕೊಂಡು ಮಾರಿಕಣಿವೆ ಅಣೆಕಟ್ಟಿನ ಹಿಂದಿನ ಗುಡ್ಡಗಳಿಗೆ ಹೋದ. ಒಂದು ಭಾನುವಾರ ಸುಮಾ ಗಂಡನ ಜೊತೆ ಹೋಗಿ ಮಾವನಿಗೆ ಬುತ್ತಿ ಕೊಟ್ಟು ಬಂದಳು. ಮಾವ ಮಂದೆ ನಿಲ್ಲಿಸಿದ್ದ ಜಾಗದಲ್ಲೂ ಖುಷಿಗೆಂದು ಗುಂಡಿ ಒತ್ತಿದಳು.

ಮುಂದಿನ ವಾರ ಲಾರಿಯವನೊಬ್ಬ ಸುದ್ದಿ ತಂದ. ಸಣ್ಣಪ್ಪನ ಕುರಿಗಳಿಗೆ ಗಂಟಲು ಊದಿದೆ, ಒಂದೊಂದೇ ಬೀಳುತ್ತಿವೆ, ಮಂದೆ ಅಲ್ಲೇ ನಿಂತಿದೆ, ಅದನ್ನು ಬಿಟ್ಟು ಅವನು ಕದಲುವ ಹಾಗಿಲ್ಲ. ತಿಮ್ಮೇಶ್ ಬಾಡಿಗೆಗೆ ಹೊಸದುರ್ಗಕ್ಕೆ ಹೋಗಿದ್ದ. ಸುಮಾ ಪ್ರದೀಪ್‌ಗೆ ಫೋನ್ ಮಾಡಿ ಯಂತ್ರ ಒಯ್ಯಲು ಒಪ್ಪಿಗೆ ಪಡೆದು ಹಿರಿಯೂರಿನ ಬಸ್ಸು ಹತ್ತಿದಳು. ಪಶು ಆಸ್ಪತ್ರೆಯ ಡಾಕ್ಟರ್ ಮೇಘಶ್ರೀ ಔಷಧಿ ಪೆಟ್ಟಿಗೆಯನ್ನು ಜೀಪಿನಲ್ಲಿ ಇಡಿಸಿದರು. ಆದರೆ ಹಿಂದೊಮ್ಮೆ ಅದೇ ಗುಡ್ಡಗಳಲ್ಲಿ ಅಲೆದು, ಮಂದೆ ಸಿಗದೆ ವಾಪಸ್ ಬಂದಿದ್ದರಂತೆ. ದಾರಿ ಗೊತ್ತೇನಮ್ಮ ಎಂದು ಕೇಳಿದರು. ಸುಮಾ ಹೋಗಿ ಬಂದಿದ್ದು ಹೊಸದುರ್ಗದ ಕಡೆಯ ಕಾಲುದಾರಿಯಲ್ಲಿ.

"ದಾರಿ ಗೊತ್ತಿಲ್ಲ ಮೇಡಂ, ಜಾಗ ಗೊತ್ತು," ಎಂದಳು ಸುಮಾ.

ಆ ಭಾನುವಾರ ಒತ್ತಿಟ್ಟ ಗುರುತನ್ನು ಆರಿಸಿದಾಗ ಯಂತ್ರದ ಪರದೆಯ ಬಾಣ ನೆಟ್ಟಗೆ ಜಾಲಿಮುಳ್ಳಿನ ಗುಡ್ಡದ ಕಡೆಗೆ ತೋರಿಸುತ್ತಿತ್ತು. ಅದಕ್ಕೆ ಹಳ್ಳ ದಿಣ್ಣೆಗಳ ಗೊಡವೆ ಇಲ್ಲ. ಬಂಡಿಜಾಡು ಕವಲೊಡೆದಲ್ಲೆಲ್ಲ ಡ್ರೈವರ್ ನಿಧಾನ ಮಾಡುತ್ತಿದ್ದ, ಯಾವ ಕಡೆ ಹೋದರೆ ದೂರದ ಅಂಕಿ ಇಳಿಯುತ್ತದೆ ಎಂದು ಸುಮಾ ನೋಡುತ್ತಿದ್ದಳು. ಎರಡು ಸಲ ತಪ್ಪಿ ಹಿಂದಕ್ಕೆ ಬರಬೇಕಾಯಿತು. ಕೊನೆಗೆ ಜೀಪು ಹತ್ತಲಾರದ ಕಡೆ ಇಳಿದು, ಪೆಟ್ಟಿಗೆ ಹೊತ್ತು ನಡೆದರು. ದಿಬ್ಬ ದಾಟುತ್ತಲೇ ನಾಯಿ ಬೊಗಳಿತು.

ಮೂರು ಕುರಿ ಆಗಲೇ ಸತ್ತಿದ್ದವು. ಸಣ್ಣಪ್ಪ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಡಾಕ್ಟರನ್ನು ಕಂಡು ಎದ್ದು ನಿಂತ. ಹೊತ್ತು ಇಳಿಯುವವರೆಗೂ ಅವನು ಮತ್ತು ಸುಮಾ ಕುರಿ ಹಿಡಿದು ಕೊಟ್ಟರು, ಮೇಘಶ್ರೀ ಇಂಜೆಕ್ಷನ್ ಕೊಟ್ಟರು. ಆಮೇಲೆ ಅವನು ಸೊಸೆಗೆ ಹೇಳಿದ್ದು ಇಷ್ಟೇ: "ದಣಿದೀಯ, ನೀರು ಕುಡಿ ತಾಯಿ." ತಾನೇ ಬಗ್ಗಿಸಿ ಕೊಟ್ಟ. ಆ ವಾರ ಇನ್ನೂ ಎರಡು ಹೋದವು. ಉಳಿದವೆಲ್ಲ ಮೇವಿಗೆ ಬಾಯಿ ಹಾಕಿದವು.

ಮಳೆಗಾಲಕ್ಕೆ ಬಾವಿಗಳ ಕೆಲಸ ಮುಗಿಯಿತು. ಅದೇ ಕೆಲಸಕ್ಕೆ ಪ್ರದೀಪ್ ಅವಳನ್ನು ಹೊಳಲ್ಕೆರೆಯ ತಾಳ್ಯ ಹೋಬಳಿಗೂ ಕರೆಸಿಕೊಂಡರು. ಅದರ ನಡುವೆ ಮೇಘಶ್ರೀ ಇನ್ನೊಂದು ಕೆಲಸ ಹಚ್ಚಿದರು: ಬೇಸಿಗೆ ಶುರುವಾಗುತ್ತಲೇ ಮಂದೆಗಳು ತಂಗುವ ಜಾಗಗಳನ್ನೆಲ್ಲ ಗುರುತಿಸಿ ಕೊಡುವುದು, ಲಸಿಕೆಯ ಜೀಪು ನೇರ ಅಲ್ಲಿಗೇ ಹೋಗುವ ಹಾಗೆ. ಸುಮಾಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಈಗಲೂ ಪ್ರತಿ ಬೇಸಿಗೆ ಗುಡ್ಡದ ನೆರಳಲ್ಲಿ ಕುರಿಗಾರ ಹೆಂಗಸರು ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು ಕೂರಿಸಿಕೊಳ್ಳುತ್ತಾರೆ. ತಿಂದು, ಅವರ ಮಕ್ಕಳ ಸುದ್ದಿ ಕೇಳಿ, ಮುಂದಿನ ಮಂದೆಯ ಕಡೆ ಹೊರಡುತ್ತಾಳೆ.